ಬಟ್ಟಲಬಂಡೆಯ ಹುಲಿಗೆಪ್ಪ

ಒಂದು ಊರನ್ನು ಊರಿಗೆ ಊರೇ, ತೊಲೆ ಜಂತಿ ಬೀಸುಕಲ್ಲು ಮುದುಕ ಮುದುಕಿಯರ ಸಮೇತ, ಒಬ್ಬನೇ ಒಬ್ಬ ಮನುಷ್ಯ ಒಂದೇ ಹೆಗಲ ಮೇಲೆ ಹೊತ್ತು ಗುಡ್ಡದಿಂದ ಕೆಳಗಿಳಿಸಿದ. ನಂಬುವುದಿಲ್ಲವೇ? ನಂಬಬೇಡಿ. ನಂಬದವರನ್ನು ನಾವು ಕೆಂಗಲ್ಲೂರಿನವರು ಬಹಳ ಮಂದಿಯನ್ನು ನೋಡಿದ್ದೇವೆ. ಅಂಥವರ ಜೊತೆ ವಾದಕ್ಕಿಳಿಯುವ ಚಾಳಿ ನಮಗಿಲ್ಲ. ಗುಡ್ಡದ ಬುಡಕ್ಕೆ ಕರೆದುಕೊಂಡು ಹೋಗಿ, ಹೆಗಲ ಮೇಲೊಂದು ತುಂಬಿದ ಕೊಡ ಇಟ್ಟು, ಹತ್ತಿ ತೋರಿಸು ಎನ್ನುತ್ತೇವೆ. ಅರ್ಧ ದಾರಿಯಲ್ಲಿ ಕೊಡ ಇಳಿಸಿ ಏದುಸಿರು ಬಿಡುತ್ತಾ ಕೂತವನು ಆಮೇಲೆ ನಾವು ಏನು ಹೇಳಿದರೂ ತಲೆಯಾಡಿಸುತ್ತಾನೆ.

ಗುಡ್ಡ ಊರಿನ ಪಡುವಣಕ್ಕಿದೆ. ಸುಟ್ಟ ಇಟ್ಟಿಗೆಯ ಬಣ್ಣದ ಮರಳುಗಲ್ಲು. ಬೇಸಗೆಯ ಮಧ್ಯಾಹ್ನ ಬರಿಗಾಲಿಟ್ಟರೆ ಬೊಬ್ಬೆ ಏಳುತ್ತದೆ. ಬಂಡೆಯ ಸೀಳಿನಲ್ಲಿ ಇನ್ನೂರ ಹನ್ನೆರಡು ಮೆಟ್ಟಿಲು. ಮೆಟ್ಟಿಲೆಂದರೆ ದೇವಸ್ಥಾನದ ಮೆಟ್ಟಿಲಿನಂತಲ್ಲ, ಪಾದ ಊರುವಷ್ಟು ಕಡಿದ ಕಚ್ಚುಗಳು. ಎದುರಿಗೊಬ್ಬ ಬಂದರೆ ಒಬ್ಬರು ಬಂಡೆಗೆ ಬೆನ್ನು ಹಚ್ಚಿ ನಿಲ್ಲಬೇಕು. ಮೇಲೆ ಹೋದರೆ ಪಾಪಾಸುಕಳ್ಳಿಯ ನಡುವೆ ಹಳೆಯ ಮನೆಗಳ ತಳಪಾಯಗಳು, ಬಿರುಕುಬಿಟ್ಟ ಒಂದು ಒಣ ಹೊಂಡ, ಅದರಾಚೆ ಅಂಗಳದಷ್ಟು ಅಗಲದ ಸಮತಟ್ಟು ಬಂಡೆ. ಆ ಬಂಡೆಯ ಮೇಲೆ ಅಂಗೈ ಅಗಲದ ಕುಳಿಗಳನ್ನು ಸಾಲಾಗಿ ಕಡಿದಿದ್ದಾರೆ. ಇದೇ ಬಟ್ಟಲಬಂಡೆ. ಅಳತೆಪಟ್ಟಿ ಹಿಡಿದು ಬರುವ ಓದಿದ ಮಂದಿ, ಇವು ಹಿಂದಿನ ಕಾಲದವರು ಕಾಳು ಕುಟ್ಟುತ್ತಿದ್ದ ಕುಳಿಗಳು ಎಂದು ಹೇಳಿ, ಫೋಟೋ ತೆಗೆದುಕೊಂಡು, ನಮ್ಮ ಮನೆಯ ಮಜ್ಜಿಗೆ ಕುಡಿದು ಹೋಗುತ್ತಾರೆ. ಊರಿಗೆ ಊರೇ ಒಂದೇ ಸಾಲಿನಲ್ಲಿ ಕೂತು ಕಾಳು ಕುಟ್ಟುತ್ತಿತ್ತೇ ಎಂದು ಕೇಳಿದರೆ ಅವರು ಅಳತೆಪಟ್ಟಿ ಸುತ್ತಿಕೊಳ್ಳುತ್ತಾರೆ. ಉತ್ತರ ನಮ್ಮಲ್ಲಿದೆ. ಸುತ್ತಲಿನ ಏಳು ಹಳ್ಳಿಗಳಲ್ಲಿ ಇಂಥದ್ದೊಂದು ಕಥೆ ಇದ್ದರೆ ಯಾರಾದರೂ ತಂದು ತೋರಿಸಲಿ.

ಹಿಂದೆ ಒಮ್ಮೆ ಕೆಂಗಲ್ಲೂರು ಈ ಗುಡ್ಡದ ನೆತ್ತಿಯ ಮೇಲೆಯೇ ಇತ್ತು ಎನ್ನುತ್ತಾರೆ. ನಲವತ್ತು ಮನೆಗಳು. ನಡುವೆ ಬಂಡೆಯಲ್ಲಿ ತಾನಾಗಿ ಆದ ನೀರಿನ ಹೊಂಡ; ಅದನ್ನು ದೊಣೆ ಎನ್ನುತ್ತಿದ್ದರು, ಎಂಥ ಬೇಸಗೆಯಲ್ಲೂ ಅದು ಬತ್ತಿದ್ದನ್ನು ಯಾರೂ ಕಂಡಿರಲಿಲ್ಲ. ದೊಣೆಯ ಸುತ್ತ ಮನೆಗಳು ಬಳೆಯ ಹಾಗೆ ದುಂಡಗೆ ನಿಂತಿದ್ದವು. ಊರಿಗೊಂದು ಗರಡಿಮನೆ, ಗರಡಿಗೊಬ್ಬ ಪೈಲ್ವಾನ. ಪೈಲ್ವಾನನಿಗೆ ಹೊಲವಿಲ್ಲ, ಮನೆಯಿಲ್ಲ. ಗರಡಿಯಲ್ಲೇ ಮಲಗಬೇಕು, ಸಾಮು ಮಾಡಬೇಕು, ಸುಗ್ಗಿ ಮುಗಿದ ಮೇಲೆ ಹೊಳೆಯ ದಂಡೆಯಲ್ಲಿ ನಡೆಯುವ ಕುಸ್ತಿಯಲ್ಲಿ ಊರಿನ ಹೆಸರು ಎತ್ತಬೇಕು. ಅವನನ್ನು ಸಾಕುವುದಕ್ಕೆ ಊರಿನವರು ಹಾಲಿನ ಪಾಳಿ ಇಟ್ಟಿದ್ದರು. ದಿನಕ್ಕೊಂದು ಮನೆಯ ಸರದಿ. ಆ ದಿನ ಬೆಳಿಗ್ಗೆ ಆ ಮನೆಯಲ್ಲಿ ಕರೆದ ಹಾಲಿನ ಮೊದಲ ಬಟ್ಟಲು ಗರಡಿಗೆ ಹೋಗಬೇಕು. ಇದನ್ನು ಯಾರೂ ಬರೆದಿಡುತ್ತಿರಲಿಲ್ಲ, ಯಾರೂ ನೆನಪು ಮಾಡುತ್ತಿರಲಿಲ್ಲ. ಬಲಗಡೆಯ ಮನೆಯವರು ನಿನ್ನೆ ಕೊಟ್ಟಿದ್ದರೆ ಇವತ್ತು ನಮ್ಮದು, ಅಷ್ಟೇ. ಪಾಳಿಗೆ ಎರಡು ಕಟ್ಟಳೆಗಳಿದ್ದವು. ಮನೆಯಲ್ಲಿ ಏನೇ ಆಗಲಿ, ಪಾಳಿ ತಪ್ಪಬಾರದು. ಇನ್ನೊಂದು, ಪೈಲ್ವಾನನಾದವನು ಬಾಯಿಬಿಟ್ಟು ಕೇಳಬಾರದು. ಬಟ್ಟಲು ತಾನಾಗಿ ಬರಬೇಕು. ಕೇಳಿ ಕುಡಿದ ಹಾಲು ಮೈಗೆ ಹತ್ತುವುದಿಲ್ಲ ಎಂಬುದು ಅವರ ನಂಬಿಕೆ.

ಆ ಕಾಲದ ಪೈಲ್ವಾನನ ಹೆಸರು ಹುಲಿಗೆಪ್ಪ. ತಂದೆ ತಾಯಿ ಇಲ್ಲದ ಹುಡುಗ. ಹತ್ತನೆಯ ವಯಸ್ಸಿಗೆ, ದೊಣೆಗೆ ಬಿದ್ದ ಎಮ್ಮೆಯ ಕರುವನ್ನು ಎದೆಗವಚಿಕೊಂಡು ಮೇಲೆ ತಂದದ್ದನ್ನು ಊರಗೌಡ ಕಂಡು, ಗರಡಿಗೆ ಇವನೇ ಸರಿ ಎಂದು ಕೂಡಿಸಿದ. ಅಲ್ಲಿಂದ ಮುಂದೆ ಹದಿನಾರು ವರ್ಷ ನಲವತ್ತು ಮನೆಗಳ ಹಾಲು ಅವನ ಮೈಯಾಯಿತು. ತೊಡೆ ಬಾಗಿಲ ಕಂಬದಂತೆ, ಕುತ್ತಿಗೆ ಹೋರಿಯಂತೆ. ಒಂಬತ್ತು ಸುಗ್ಗಿಗಳಲ್ಲಿ ಅವನ ಬೆನ್ನಿಗೆ ಮಣ್ಣು ಹತ್ತಲಿಲ್ಲ. ಬೆಳ್ಳಿಯ ಕಡಗ ಗೆದ್ದು ಮೆಟ್ಟಿಲು ಹತ್ತಿ ಬರುವಾಗ ಹಲಗೆಯ ಸದ್ದು ಕೇಳಿ ಹೆಂಗಸರೂ ಹೊರಗೆ ಬರುತ್ತಿದ್ದರು. ಅವನೂ ಏನು ಕಡಿಮೆ ಆಸಾಮಿಯಲ್ಲ. ದೊಣೆಯ ಕಟ್ಟೆಯ ಮೇಲೆ ನಿಂತು ರಟ್ಟೆ ಉಬ್ಬಿಸಿ, ನೋಡಿಕೊಳ್ಳಿ, ನಿಮ್ಮ ಹಾಲು ಎಲ್ಲಿ ಹೋಯಿತು ಅಂತೀರಲ್ಲ, ಇಲ್ಲಿ ಕೂತೈತಿ ಎನ್ನುತ್ತಿದ್ದ. ಜನ ನಗುತ್ತಿದ್ದರು. ಆ ಹಾಲು ಎಲ್ಲಿಂದ ಬರುತ್ತದೆ, ಅದು ಬಂದ ದಿನ ಆ ಮನೆಯ ಕೂಸು ಏನು ಕುಡಿಯುತ್ತದೆ ಎಂಬುದು ಅವನ ತಲೆಗೆ ಹೋದದ್ದೇ ಇಲ್ಲ. ಬಾವಿಯ ನೀರು ಬರುವಂತೆ ಹಾಲು ಬರುತ್ತದೆ ಎಂದುಕೊಂಡಿದ್ದ.

ಹತ್ತನೆಯ ಸುಗ್ಗಿಯಲ್ಲಿ ಬಿದ್ದ. ಬೀಳಿಸಿದವನು ಹೆಸರುವಾಸಿ ಪೈಲ್ವಾನನೂ ಅಲ್ಲ; ಹೊಳೆಯಾಚೆಯ ಯಾವುದೋ ಹಳ್ಳಿಯ, ಮೈಯಲ್ಲಿ ಎಲುಬು ಕಾಣುವಂಥ ಒಬ್ಬ ಬಡಕಲ. ತೊಡೆ ತಟ್ಟಿ ಹುಲಿಗೆಪ್ಪ ನಕ್ಕ. ಆ ನಗು ಮುಗಿಯುವಷ್ಟರಲ್ಲಿ ಆಕಾಶ ಕಂಡಿತು. ಬಿದ್ದ ಏಟಿಗೆ ಎಡಗಡೆಯ ಹೆಗಲು ಕೀಲಿನಿಂದ ಕಳಚಿತು. ನಾಟಿ ವೈದ್ಯ ಎಳೆದು ಕೂಡಿಸಿದರೂ ಅದು ಸರಿಯಾಗಿ ಕೂಡಲಿಲ್ಲ. ಎಡಗೈ ಎದೆಯ ಮಟ್ಟಕ್ಕಿಂತ ಮೇಲೆ ಏಳದಾಯಿತು. ಆ ಸಂಜೆ ಹಲಗೆಯವರು ಹಲಗೆಗಳನ್ನು ಬೆನ್ನಿಗೆ ಹಾಕಿಕೊಂಡು ಸುಮ್ಮನೆ ಮೆಟ್ಟಿಲು ಹತ್ತಿದರು. ಯಾರೂ ಅವನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಮಾರನೆಯ ಬೆಳಿಗ್ಗೆ ಕಂಬಾರರ ಮನೆಯ ಪಾಳಿ. ಹುಲಿಗೆಪ್ಪ ಮುಖ ತೊಳೆದು ಗರಡಿಯ ಹೊಸ್ತಿಲ ಮೇಲೆ ಕೂತ. ಬಟ್ಟಲು ಬರಲಿಲ್ಲ. ಅದರ ಮರುದಿನ ಗಾಣಿಗರದು, ಅದೂ ಬರಲಿಲ್ಲ. ಹಾಲು ನಿಲ್ಲಿಸೋಣ ಎಂದು ಊರಿನವರು ಸೇರಿ ಮಾತಾಡಿದ್ದಲ್ಲ. ಕಂಬಾರರ ಮನೆಯವರು, ಒಂದು ದಿನ ನೋಡೋಣ, ಗಾಣಿಗರು ಏನು ಮಾಡುತ್ತಾರೋ ಎಂದರು. ಗಾಣಿಗರು, ಕಂಬಾರರೇ ಕೊಡಲಿಲ್ಲವಲ್ಲ ಎಂದರು. ಹೀಗೆ ಒಬ್ಬರು ಇನ್ನೊಬ್ಬರನ್ನು ನೋಡುತ್ತಲೇ ಬಳೆಯ ಸುತ್ತು ಮುಗಿಯಿತು. ಅವನು ದಿನಾ ಮುಖ ತೊಳೆದು ಹೊಸ್ತಿಲ ಮೇಲೆ ಕೂತ, ಗರಡಿಯಲ್ಲಿ ಉಳಿದಿದ್ದ ಕಾಳು ಬೇಯಿಸಿ ತಿಂದ. ಕೇಳುವಂತಿರಲಿಲ್ಲ, ಕೇಳಲಿಲ್ಲ. ನಲವತ್ತನೆಯ ದಿನ ಗುಡ್ಡದ ಅಂಚಿಗೆ ಹೋಗಿ ನಿಂತ ಎನ್ನುತ್ತಾರೆ. ಕೆಳಗೆ ಹದ್ದುಗಳು ಹಾರುತ್ತಿದ್ದವು. ಅಲ್ಲಿ ನಿಂತಾಗ ಅವನಿಗೆ ಹೊಳೆದದ್ದು ಒಂದೇ ಸಂಗತಿ. ಈ ಮೈ ತನ್ನದಲ್ಲ. ಹಾರಿದರೆ ನಲವತ್ತು ಮನೆಗಳ ಸೊತ್ತನ್ನು ಕಲ್ಲಿಗೆ ಬಡಿದಂತೆ. ಅರ್ಧ ಮುರಿದಿದೆ, ಹೌದು. ಇನ್ನರ್ಧ ಹಾಗೇ ಇದೆಯಲ್ಲ.

ಮರುದಿನ ಬೆಳಕು ಹರಿಯುತ್ತಲೇ ಕಂಬಾರರ ಬಾಗಿಲಲ್ಲಿ ನಿಂತು, ಇವತ್ತು ನಿಮ್ಮ ಮನೆಯ ಪಾಳಿ, ಎತ್ತುವುದು ಏನಿದೆ ಎಂದು ಕೇಳಿದ. ಕಂಬಾರ ಕುಲುಮೆಯ ಮುಂದೆ ಕೂತವನು ಮೇಲೆ ಕೆಳಗೆ ನೋಡಿ, ತಿಪ್ಪೆ ಐತಲ್ಲ, ಹೊತ್ತು ಹೊಲಕ್ಕ ಹಾಕು ಎಂದ. ಹಾಸ್ಯಕ್ಕೆ ಹೇಳಿದ್ದು. ಹುಲಿಗೆಪ್ಪ ಬಲ ಹೆಗಲಿಗೆ ಸಿಂಬಿ ಕಟ್ಟಿಕೊಂಡು, ಹೊತ್ತು ಮುಳುಗುವುದರೊಳಗೆ ತಿಪ್ಪೆಯಿದ್ದ ಜಾಗವನ್ನು ಗುಡಿಸಿ ಬಂದ. ಕಂಬಾರನ ಹೆಂಡತಿಗೆ ಏನೋ ಅನಿಸಿ ಎರಡು ರೊಟ್ಟಿ, ಪುಂಡಿಪಲ್ಯ ಕೊಟ್ಟಳು. ಮರುದಿನ ಗಾಣಿಗರ ಮನೆ. ಅದರ ಮರುದಿನ ಪಕ್ಕದ್ದು. ಹಾಲಿನ ಪಾಳಿ ಹೋದ ದಾರಿಯಲ್ಲೇ ಅವನ ಹೆಗಲು ಹೋಗತೊಡಗಿತು. ದೊಣೆಯ ಕಟ್ಟೆಯ ಮೇಲೆ ಕೂತ ಹುಡುಗರಿಗೆ ಅದೊಂದು ತಮಾಷೆ. ಹಾಲು ಕುಡದ ಕೋಣ ಈಗ ಸಗಣಿ ಹೊರತೈತಿ ನೋಡ್ರಲೇ ಎನ್ನುತ್ತಿದ್ದರು. ಅವನು ಸಿಟ್ಟಾಗುತ್ತಿರಲಿಲ್ಲ, ಕೋಣಕ್ಕ ಎರಡು ಹೆಗಲು ಇರತಾವಲೇ, ನನಗ ಒಂದ ಎಂದು ಮುಂದೆ ಹೋಗುತ್ತಿದ್ದ. ಸಂಜೆ ಯಾರದೋ ಮನೆಯ ರೊಟ್ಟಿ ತಿಂದು ಗರಡಿಯ ಮಣ್ಣಿನ ಮೇಲೆ ಮಲಗಿದರೆ, ಗೆದ್ದ ದಿನಗಳಲ್ಲೂ ಬಾರದಂಥ ನಿದ್ದೆ ಬರುತ್ತಿತ್ತಂತೆ.

ಎರಡನೆಯ ಸುತ್ತಿಗೆ ಜನರ ದನಿ ಬದಲಾಯಿತು. ಇವನಿಗಾಗಿ ಎತ್ತುವಂಥದ್ದನ್ನು ಉಳಿಸಿಕೊಂಡು ಕೂರತೊಡಗಿದರು. ಬಿದ್ದ ಗೋಡೆಯ ಕಲ್ಲು, ಹೊಸ ಒರಳು, ಮುದುಕನೊಬ್ಬನಿಗೆ ಕೆಳಗಿನ ಹೊಳೆ ನೋಡುವ ಆಸೆ. ಒಮ್ಮೆ ಕುರುಬರ ಮನೆಯ ಸೊಸೆಗೆ ಹೆರಿಗೆ ನೋವು ಹತ್ತಿ ಎರಡು ದಿನವಾದರೂ ಕೂಸು ಹೊರಬರಲಿಲ್ಲ. ಸೂಲಗಿತ್ತಿ ಇದ್ದದ್ದು ಗುಡ್ಡದ ಕೆಳಗಿನ ಹಟ್ಟಿಯಲ್ಲಿ, ಅವಳಿಗೆ ಮೆಟ್ಟಿಲು ಹತ್ತುವ ವಯಸ್ಸು ದಾಟಿತ್ತು. ಹುಲಿಗೆಪ್ಪ ಆ ಹೆಣ್ಣುಮಗಳನ್ನು ಕಂಬಳಿಯಲ್ಲಿ ಕಟ್ಟಿ ಬೆನ್ನಿಗೆ ಹಾಕಿಕೊಂಡು, ಕೈಲಾಗದ ಎಡ ಹೆಗಲನ್ನು ಬಂಡೆಗೆ ಒತ್ತಿ ಒತ್ತಿ ಹಿಡಿಯುತ್ತಾ ಇನ್ನೂರ ಹನ್ನೆರಡು ಮೆಟ್ಟಿಲು ಇಳಿದ. ಇಳಿದು ಮುಗಿಯುವಷ್ಟರಲ್ಲಿ ಎಡ ತೋಳಿನ ಚರ್ಮ ಕಿತ್ತುಹೋಗಿತ್ತು. ಮಧ್ಯಾಹ್ನ ಸೂಲಗಿತ್ತಿ ಹೊರಗೆ ಬಂದು ಕೂಸನ್ನು ಅವನ ಬಲಗೈಯಲ್ಲಿಟ್ಟಳು.

"ಎಷ್ಟು ಭಾರ ಐತಿ ಹೇಳಪಾ ಪೈಲ್ವಾನ. ಎತ್ತೂದರಾಗ ನೀ ಶಾಣ್ಯಾ ಅಂತ."

"ಏನೂ ಇಲ್ಲಬೇ ಯವ್ವಾ," ಎಂದ ಹುಲಿಗೆಪ್ಪ. "ಆದರ ಇಳಸಾಕ ಮನಸ ಬರವಲ್ದು, ನೀನ ನೋಡು."

ಅವನ ಬದುಕಿನಲ್ಲಿ ಸುಖ ಎಂಬುದು ಇದ್ದರೆ ಆ ಮಧ್ಯಾಹ್ನದ್ದು. ಅದಕ್ಕಿಂತ ಮುಂದೆ ಸುಖ ಹೋಗದಂತೆ ತಡೆದದ್ದು ಒಂದು ಮನೆ.

ಆ ಮನೆ ತಿಪ್ಪವ್ವನದು. ಗಂಡ ಸತ್ತವಳು, ಒಬ್ಬಳೇ ಇದ್ದಳು, ಒಂದು ಆಡು ಕಟ್ಟಿಕೊಂಡಿದ್ದಳು. ಪಾಳಿಯಂತೆ ನಲವತ್ತು ದಿನಕ್ಕೊಮ್ಮೆ ಹುಲಿಗೆಪ್ಪ ಅವಳ ಬಾಗಿಲಿಗೆ ಹೋಗಿ, ಎತ್ತುವುದು ಏನಿದೆ ಎಂದು ಕೇಳುತ್ತಿದ್ದ. ಅವಳು ಜೋಳ ಹಸನು ಮಾಡುತ್ತಾ ತಲೆ ಎತ್ತದೆ, ಎತ್ತುವಂಥದ್ದು ಈ ಮನೆಯಲ್ಲಿ ಏನೂ ಉಳಿದಿಲ್ಲ ಎನ್ನುತ್ತಿದ್ದಳು. ಎತ್ತದೆ ಉಣ್ಣುವುದು ಹೇಗೆ? ಆ ದಿನ ಅವನು ಉಪವಾಸ. ಮೂರನೆಯ ಸುತ್ತಿನಲ್ಲೂ ಅದೇ ಉತ್ತರ ಬಂದಾಗ ಅವನು ಬಾಗಿಲು ಬಿಟ್ಟು ಕದಲಲಿಲ್ಲ. ನಾನು ನಿನಗೇನು ಮಾಡಿದೆ, ಅದನ್ನಾದರೂ ಹೇಳು ಎಂದ. ಆಗ ತಿಪ್ಪವ್ವ ಮೊರ ಕೆಳಗಿಟ್ಟು ಹೇಳಿದಳು. ಅವಳಿಗೊಬ್ಬ ಮಗಳಿದ್ದಳು, ಗಂಗಿ ಎಂದು, ನಾಲ್ಕು ವರ್ಷದವಳು. ಜ್ವರ ಬಂದು ಮೂರು ದಿನ ಕಣ್ಣು ಬಿಡದೆ ಮಲಗಿದ್ದ ಕೂಸು ನಾಲ್ಕನೆಯ ಬೆಳಿಗ್ಗೆ ಕಣ್ಣು ಬಿಟ್ಟು ಹಾಲು ಕೇಳಿತು. ಎಮ್ಮೆ ಆಗಲೇ ಬತ್ತುತ್ತಿತ್ತು. ಕರೆದರೆ ಸಿಕ್ಕಿದ್ದು ಒಂದೇ ಬಟ್ಟಲು. ಆ ದಿನ ಇವರ ಪಾಳಿ. ಪಾಳಿ ತಪ್ಪಿಸಿದ ಮನೆ ಎನ್ನಿಸಿಕೊಳ್ಳಬಾರದು ಎಂದು ಅವಳೇ ಬಟ್ಟಲು ಹಿಡಿದು ಗರಡಿಗೆ ಬಂದಿದ್ದಳು.

"ಒಂದ ಗುಟುಕಿಗೆ ಕುಡದಿ. ಬಾಯಿ ಒರಿಸಿಕೊಂಡು, ಹಾಲು ತೆಳ್ಳಗೈತಿ ಅಂದಿ," ಎಂದಳು ತಿಪ್ಪವ್ವ. "ನಾ ಮನಿಗೆ ಹೋಗೂದರಾಗ ಕೂಸು ಕಣ್ಣು ಮುಚ್ಚಿತ್ತು. ಆ ಬಟ್ಟಲು ಎತ್ತಿ ತಂದು ಕೊಡತೀಯೇನು ತಮ್ಮಾ? ಆಗೂದಿಲ್ಲಲ್ಲ. ಹೋಗು."

ಹುಲಿಗೆಪ್ಪನಿಗೆ ಆ ಬೆಳಗು ನೆನಪೇ ಇರಲಿಲ್ಲ. ಎಷ್ಟು ಕೆದಕಿದರೂ ನೆನಪಾಗಲಿಲ್ಲ. ಸಾವಿರಾರು ಬೆಳಗುಗಳಲ್ಲಿ ಅದೂ ಒಂದು, ಎಲ್ಲ ಬಟ್ಟಲುಗಳ ಹಾಗೆ ಅದೂ ಒಂದು ಬಟ್ಟಲು. ನೆನಪಿದ್ದಿದ್ದರೆ ಕಾಲು ಹಿಡಿದು ಅಳಬಹುದಿತ್ತು. ನೆನಪಿಲ್ಲದ್ದಕ್ಕೆ ಏನೆಂದು ಅಳುವುದು? ಅಂದಿನಿಂದ ಅವನಿಗೆ ಉಳಿದ ಆಸೆ ಒಂದೇ. ಯಾವತ್ತಾದರೂ ಒಂದು ದಿನ ಈ ಮನೆಯವಳು ಒಂದು ಕಡ್ಡಿಯನ್ನಾದರೂ ತೋರಿಸಿ, ಇದನ್ನು ಎತ್ತು ಎನ್ನಬೇಕು. ಮೂವತ್ತೊಂಬತ್ತು ಮನೆಗಳಲ್ಲಿ ಅವನನ್ನು ಹೊಗಳುವವರಿದ್ದರು. ಅವನ ಕಿವಿ ಇದ್ದದ್ದು ನಲವತ್ತನೆಯ ಮನೆಯ ಕಡೆಗೆ.

ಹೀಗೆ ಐದಾರು ವರ್ಷ ನಡೆಯಿತು. ಆಮೇಲೆ ಒಂದು ಬೇಸಗೆಯ ನಡುಹಗಲು ಬಿದಿರು ಸೀಳಿದಂಥ ಸದ್ದಾಗಿ ದೊಣೆಯ ತಳ ಬಿರಿಯಿತು. ಹೆಂಗಸರು ಕೊಡ ಹಿಡಿದು ನೋಡುತ್ತಿದ್ದಂತೆಯೇ ನೀರು ಸುಳಿ ಸುತ್ತಿ ಬಂಡೆಯೊಳಕ್ಕೆ ಇಳಿದುಹೋಯಿತು. ಸುಣ್ಣ ಬೆಲ್ಲ ಅರೆದು ಗಾರೆ ಮೆತ್ತಿದರು, ಹೋತ ಕಡಿದರು, ಏನೂ ಆಗಲಿಲ್ಲ. ಊರು ಕೆಳಗಿಳಿಯಬೇಕು ಎಂದು ಗೌಡ ಹೇಳಿದ ದಿನ ಊರಿನಲ್ಲಿ ಒಲೆ ಉರಿಯಲಿಲ್ಲ. ಹುಲಿಗೆಪ್ಪ ಮಾತ್ರ ಸಿಂಬಿ ಕಟ್ಟಿಕೊಂಡು ಕಂಬಾರರ ಬಾಗಿಲಿಗೆ ಹೋದ. ಮೊದಲ ದಿನ ಕಂಬಾರರ ಮನೆ, ಎರಡನೆಯ ದಿನ ಗಾಣಿಗರ ಮನೆ. ಉಳಿದವರು ಕೋಳಿ ಕುರಿ ಹೊಡೆದುಕೊಂಡು, ಬಟ್ಟೆಬರೆ ಗಂಟು ಕಟ್ಟಿಕೊಂಡು ಇಳಿದರು. ಭಾರ ಎಂಬುದೆಲ್ಲ ಅವನದು. ತೊಲೆ, ಜಂತಿ, ಬಾಗಿಲು, ಬೀಸುಕಲ್ಲು, ಅಡಿಗಲ್ಲು, ಗಾಣದ ಕಲ್ಲನ್ನು ಎರಡು ಹೋಳು ಮಾಡಿ ಎರಡು ಸಲ. ನಡೆಯಲಾಗದ ಮುದುಕಿಯರು ಅವನ ಬೆನ್ನ ಮೇಲೆ ಕೂತು, ಮೆಲ್ಲಗ ಹೋಗೋ, ನಿನ್ನ ಅವಸರಕ್ಕ ಬೆಂಕಿ ಬೀಳಲಿ ಎಂದು ಬೈಯುತ್ತಾ ಇಳಿದರು. ಅವನು ಊರನ್ನು ಹೊರುತ್ತಿದ್ದ, ಹೊತ್ತಷ್ಟೂ ಅವನು ಬೆಳೆದ ಊರು ಬರಿದಾಗುತ್ತಿತ್ತು. ಮೆಟ್ಟಿಲ ಎಡಬದಿಯ ಬಂಡೆ ಹೆಗಲೆತ್ತರಕ್ಕೆ ಕನ್ನಡಿಯಂತೆ ನುಣ್ಣಗಾಗಿದೆಯಲ್ಲ, ಅದು ಆ ಮೂವತ್ತೊಂಬತ್ತು ದಿನಗಳಲ್ಲಿ ಆದದ್ದು ಎನ್ನುತ್ತಾರೆ. ಮಳೆನೀರು ಹರಿದು ಆದದ್ದು ಎನ್ನುವವರೂ ಇದ್ದಾರೆ. ಅವರಿಗೆ ಅದೇ ಕೊಡ, ಅದೇ ಮೆಟ್ಟಿಲು.

ಸಾಲಿನಲ್ಲಿ ಇಪ್ಪತ್ಮೂರನೆಯದಾದರೂ, ಅವಳು ಒಪ್ಪದ್ದರಿಂದ ಕೊನೆಗೆ ನಲವತ್ತನೆಯ ದಿನಕ್ಕೆ ಉಳಿದದ್ದು ತಿಪ್ಪವ್ವನ ಮನೆ. ಅವಳು ಹೊಸ್ತಿಲ ಮೇಲೆ ಕೂತಿದ್ದಳು. ನಾನು ಬರುವುದಿಲ್ಲ, ನನ್ನ ಕೂಸು ಈ ಮಣ್ಣಿನಲ್ಲಿದೆ, ಹಗೇವಿನಲ್ಲಿ ಜೋಳ ಇದೆ, ನನ್ನದು ನನಗೆ ಸಾಕು ಎಂದಳು. ಗೌಡ ಬಂದು ಹೇಳಿದ, ಹೆಂಗಸರು ಬಂದು ಅತ್ತರು, ಅವಳು ಏಳಲಿಲ್ಲ. ಕೊನೆಗೆ ಎಲ್ಲರೂ ಇಳಿದುಹೋದರು. ಹುಲಿಗೆಪ್ಪ ಮಾತ್ರ ಗರಡಿಯಲ್ಲೇ ಉಳಿದ. ಮಾರನೆಯ ಬೆಳಿಗ್ಗೆ ಕೆಳಗಿನ ಬಾವಿಯಿಂದ ಒಂದು ಕೊಡ ನೀರು ಹೊತ್ತು ತಂದು ಅವಳ ಬಾಗಿಲಲ್ಲಿಟ್ಟ. ನಾನೇನು ಕೇಳಿದೆನೇ ಎಂದಳು. ಅವನು ಗರಡಿಯ ಕಡೆ ನಡೆದ. ಸಂಜೆ ಖಾಲಿ ಕೊಡ ಹೊಸ್ತಿಲಾಚೆ ಬೋರಲಾಗಿತ್ತು. ಅಲ್ಲಿಂದ ಮುಂದೆ ದಿನಾ ಒಂದು ಕೊಡ.

ಊರನ್ನೇ ಇಳಿಸಿದವನಿಗೆ ಏನಾದರೂ ಗೌರವ ಮಾಡಬೇಕಲ್ಲ ಎಂದು ಕೆಳಗಿನವರಿಗೆ ಅನಿಸಿತು. ಗೌಡ ಅವನನ್ನು ಎಲ್ಲರ ಮುಂದೆ ನಿಲ್ಲಿಸಿ ಹೆಗಲಿಗೆ ಕಂಬಳಿ ಹೊದಿಸಿದ.

"ಸಾಕೋ ಮಾರಾಯ, ನೀ ಎತ್ತಿದ್ದು ಸಾಕು," ಎಂದ. "ಇನ್ನ ಯಾರ ಮನಿ ಬಾಗಲಕ್ಕೂ ನೀ ಹೋಗೂದು ಬ್ಯಾಡ. ನಿನ್ನ ಬುತ್ತಿ ಪಾಳಿ ಮ್ಯಾಲೆ ಮೆಟ್ಟಲದ ಬುಡಕ್ಕ ತಾನ ಬರತೈತಿ. ತಿಂದು ಆರಾಮ ಇರು."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಎಲ್ಲರೂ ಹೌದು ಹೌದು ಎಂದರು. ಆದರೆ ಮೇಲಿನ ಊರು ಬಳೆಯಂತಿತ್ತು, ಹೊಸ ಊರು ಹಾಗಿರಲಿಲ್ಲ. ಅವರವರ ಹೊಲಕ್ಕೆ ಹತ್ತಿರವಾಗುವಂತೆ ಎರಡು ಓಣಿಗಳಲ್ಲಿ ಮನೆ ಕಟ್ಟಿಕೊಂಡಿದ್ದರು. ಕಂಬಾರರ ಎಡಕ್ಕಿದ್ದ ಗಾಣಿಗರು ಈಗ ಇನ್ನೊಂದು ಓಣಿಯ ತುದಿಯಲ್ಲಿದ್ದರು. ಕಂಬಾರರು ಬುತ್ತಿ ಕೊಟ್ಟದ್ದು ಅವರಿಗೆ ಕಾಣಲಿಲ್ಲ. ಕಂಬಾರರ ಹೊಸ ನೆರೆಯವರು, ಹಳೆಯ ಪಾಳಿಯಲ್ಲಿ ನಮ್ಮದು ಇನ್ನೂ ದೂರ ಇದೆ ಎಂದುಕೊಂಡರು. ಒಂದೊಂದು ದಿನ ಎರಡು ಮನೆಗಳಿಂದ ಬುತ್ತಿ ಬರುತ್ತಿತ್ತು, ಆಮೇಲೆ ನಾಲ್ಕು ದಿನ ಇಲ್ಲ. ತಿಂಗಳು ಕಳೆದಂತೆ ಇಲ್ಲದ ದಿನಗಳೇ ಹೆಚ್ಚಾದವು. ಎಲ್ಲರೂ ಬಲಗಡೆ ನೋಡಿದರು. ಬಲಗಡೆಯ ಮನೆಯವರು ಕೊಟ್ಟಿರುತ್ತಾರೆ, ಇಲ್ಲದಿದ್ದರೆ ಅವರಾಚೆಯವರು. ಅದೂ ಇಲ್ಲವೆಂದರೆ ಮೇಲೆ ತಿಪ್ಪವ್ವ ಇದ್ದಾಳಲ್ಲ, ಅವಳು ರೊಟ್ಟಿ ಹಾಕದೆ ಇರುತ್ತಾಳೆಯೇ. ಮೇಲೆ ತಿಪ್ಪವ್ವ, ಊರನ್ನು ಹೊತ್ತವನಿಗೆ ಊರು ಹಾಕದೆ ಇರುತ್ತದೆಯೇ ಎಂದುಕೊಂಡಿದ್ದಳು. ಹುಲಿಗೆಪ್ಪ ದಿನಾ ಬೆಳಿಗ್ಗೆ ಇಳಿದು ಬಂದು ಮೆಟ್ಟಿಲ ಬುಡದ ಕಲ್ಲನ್ನು ನೋಡುತ್ತಿದ್ದ. ಬರೀ ಕಲ್ಲು. ಬಾಗಿಲಿಗೆ ಹೋಗಬೇಡ ಎಂದು ಗೌಡ ಎಲ್ಲರ ಮುಂದೆ ಹೇಳಿದ್ದಾನೆ. ಬಾಯಿಬಿಟ್ಟು ಕೇಳುವುದು ಹತ್ತನೆಯ ವಯಸ್ಸಿನಿಂದ ಅವನಿಗೆ ಗೊತ್ತಿಲ್ಲ. ಬಾವಿಯ ಹತ್ತಿರ ಹೆಂಗಸರು, ಪೈಲ್ವಾನ, ಉಂಡೇನು ಎಂದರೆ, ಉಂಡೆನಲ್ಲ ಯಕ್ಕಾ, ಹೊಟ್ಟೆ ನೋಡು ಎಂದು ಕಂಬಳಿ ಬಿಗಿಯಾಗಿ ಸುತ್ತಿಕೊಂಡು ನಗುತ್ತಿದ್ದ. ಕೊಡ ತುಂಬಿಕೊಂಡು ಹತ್ತುತ್ತಿದ್ದ. ಮೊದಲು ಒಂದೇ ಉಸಿರಿಗೆ ಹತ್ತುತ್ತಿದ್ದವನು ಆಮೇಲೆ ಮೂರು ಕಡೆ ನಿಲ್ಲುತ್ತಿದ್ದ, ಆಮೇಲೆ ಹತ್ತು ಕಡೆ.

ಕೊನೆಗೆ ಹನ್ನೊಂದು ದಿನ ಯಾವ ಮನೆಯಿಂದಲೂ ಏನೂ ಬರಲಿಲ್ಲ. ಹನ್ನೆರಡನೆಯ ದಿನ ಬಿಸಿಲೇರಿದ ಮೇಲೆ ಅವನು ನೆತ್ತಿಗೆ ಬಂದು, ಕೊಡವನ್ನು ತಿಪ್ಪವ್ವನ ಬಾಗಿಲಲ್ಲಿ ಒಂದು ಹನಿ ಚೆಲ್ಲ­ದಂತೆ ಇಟ್ಟು, ಗರಡಿಯ ತನಕ ಹೋಗಲಾರದೆ ಆ ಸಮತಟ್ಟು ಬಂಡೆಯ ಮೇಲೆ ಕೂತ. ಆಮೇಲೆ ಅಲ್ಲೇ ಒರಗಿದ. ತಿಪ್ಪವ್ವ ಕೊಡ ಒಳಗೆ ಒಯ್ಯಲು ಬಂದವಳು ಅವನನ್ನು ನೋಡಿದಳು. ಕಂಬಳಿ ಸರಿದಿತ್ತು. ಬಾಗಿಲ ಕಂಬದಂತಿದ್ದ ತೊಡೆ ಜೋಳದ ದಂಟಿನಂತಾಗಿತ್ತು. ಅವಳು ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು.

"ಇವತ್ತ ಯಾರ ಪಾಳಿ?"

"ಗೊತ್ತಿಲ್ಲಬೇ."

"ನಿನ್ನೆ ಯಾರದಿತ್ತು?"

ಅವನು ಕಂಬಳಿಯ ಅಂಚನ್ನು ಹೊಟ್ಟೆಯ ಮೇಲೆ ಎಳೆದುಕೊಂಡ. ತಿಪ್ಪವ್ವನಿಗೆ ಅರ್ಥವಾಯಿತು. ಎದ್ದು ಹೋಗಿ ಆಡಿನ ಕೆಚ್ಚಲಿಗೆ ಕೈ ಹಾಕಿದಳು. ಮೇವಿಲ್ಲದ ಆಡು, ಒಂದು ಚಿಕ್ಕ ಬಟ್ಟಲಿನಷ್ಟು ಇಳಿಯಿತು. ತಂದು ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಕುಡಿ ಎಂದಳು. ನಿನ್ನ ಮನೆಯದು ಏನೂ ಎತ್ತಿಲ್ಲ ನಾನು ಎಂದು ಅವನು ಬಾಯಿ ಮುಚ್ಚಿಕೊಂಡ.

"ಇಷ್ಟು ದಿನ ನೀರು ಯಾರು ಹೊತ್ತಾರ ಮತ್ತ," ಎಂದಳು ತಿಪ್ಪವ್ವ. "ಇದು ಗಂಗಿ ಬಟ್ಟಲ. ಕುಡಿ ನನ್ನಪ್ಪ."

ಅದಾದ ಮೇಲೆ ತಿಪ್ಪವ್ವ ಮೆಟ್ಟಿಲ ಮೇಲೆ ಕೂತು ಕೂತು, ಒಂದೊಂದನ್ನೇ ಸರಿಯುತ್ತಾ, ಮೊದಲ ಸಲ ಕೆಳಗಿನ ಊರಿಗೆ ಬಂದಳು ಎನ್ನುತ್ತಾರೆ. ಬರುವಷ್ಟರಲ್ಲಿ ಹೊತ್ತು ಇಳಿದಿತ್ತು. ಅವಳು ಬೈಯಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಓಣಿಯ ಮೊದಲ ಮನೆಯ ಮುಂದೆ ನಿಂತು, ಪೈಲ್ವಾನನಿಗೆ ಬುತ್ತಿ ಕೊಟ್ಟವರು ಯಾರು ಎಂದಳು. ಆ ಮನೆಯವರು ಬಲಗಡೆ ತೋರಿಸಿದರು. ಬಲಗಡೆಯವರು ಅವರ ಬಲಗಡೆ ತೋರಿಸಿದರು. ಹೀಗೆ ಎರಡೂ ಓಣಿ ಮುಗಿಸಿ ಗೌಡನ ಮನೆಗೆ ಬಂದಾಗ ಅವನೂ ಕೈ ಎತ್ತಿದ. ಎತ್ತಿದ ಕೈಯನ್ನು ಇಳಿಸಲಾರದೆ ನಿಂತ. ಊರಿನವರು ಓಡಿ ಹತ್ತಿದರು. ಹುಲಿಗೆಪ್ಪ ಆ ಬಂಡೆಯ ಮೇಲೆ ತಣ್ಣಗಾಗಿದ್ದ. ಅವನನ್ನು ಕೆಳಗೆ ಹೊತ್ತು ತರಲು ಹೋದರೆ ತಿಪ್ಪವ್ವ ಬಿಡಲಿಲ್ಲ. ಅಲ್ಲೇ, ಬಂಡೆಯ ಪಕ್ಕದಲ್ಲೇ ಮಣ್ಣು ಮಾಡಿದರು.

ಮೂರನೆಯ ದಿನ ಹಾಲು ತುಪ್ಪ ಬಿಡುವ ಶಾಸ್ತ್ರ. ಹಾಲು ಹಿಡಿದು ಎಲ್ಲ ಮನೆಯವರೂ ಹತ್ತಿ ಬಂದರು. ಮೊದಲು ಯಾರು ಬಿಡಬೇಕು ಎಂಬಲ್ಲಿಗೆ ಬಂದು ನಿಂತರು. ಮೊದಲ ಪಾಳಿ ಯಾರದು? ಯಾರೂ ಮುಂದೆ ಬರಲಿಲ್ಲ. ಮಧ್ಯಾಹ್ನದವರೆಗೆ ಹಾಗೆಯೇ ನಿಂತಿದ್ದರಂತೆ. ಆಗ ಗೌಡ, ಇನ್ನು ಈ ಊರಿನಲ್ಲಿ ಪಾಳಿ ಎಂಬುದೇ ಬೇಡ, ಪ್ರತಿ ಮನೆಯವರೂ ತಮ್ಮ ಬಟ್ಟಲನ್ನು ತಾವೇ ಈ ಬಂಡೆಯಲ್ಲಿ ಕಡಿಯಿರಿ, ಎಲ್ಲರೂ ಒಂದೇ ದಿನ, ಒಂದೇ ಹೊತ್ತಿಗೆ ಹಾಲು ಎರೆಯಿರಿ ಎಂದ. ಹಳೆಯ ಊರಿನಲ್ಲಿ ಮನೆಗಳಿದ್ದ ಸಾಲಿನಲ್ಲೇ ಕಡಿದರು. ಕಂಬಾರರದು ಮೊದಲನೆಯದು, ಗಾಣಿಗರದು ಎರಡನೆಯದು. ನಮ್ಮ ಮನೆತನದ್ದು ಹದಿನೇಳನೆಯದು. ಸಣ್ಣವರಿದ್ದಾಗ ಅದರೊಳಗೆ ಬೆರಳಿಟ್ಟು, ಇದು ನಮ್ಮದು ಎಂದು ಎದೆಯುಬ್ಬಿಸಿ ಹೇಳುತ್ತಿದ್ದೆವು. ಅದು ಎಂಥ ಬಟ್ಟಲು ಎಂದು ಹಿರಿಯರು ಹೇಳಿದ ಮೇಲೆ ಬೆರಳಿಡುವುದನ್ನು ಬಿಟ್ಟೆವು. ತಿಪ್ಪವ್ವನ ಸರದಿ ಬಂದಾಗ ಅವಳ ಪರವಾಗಿ ಕಡಿಯಲು ಕಲ್ಲುಕುಟಿಗ ಉಳಿ ಹಿಡಿದು ಅವಳ ಮುಖ ನೋಡಿದ. ನನ್ನದು ಮುಟ್ಟಿದೆ, ನನ್ನದನ್ನು ಕಡಿಯಬೇಡ ಎಂದಳು. ಅಂದಿನಿಂದ ಈ ಜಾಗ ಬಟ್ಟಲಬಂಡೆ.

ಈಗ ಹೋದರೂ ನೀವು ನೋಡಬಹುದು. ಬೇಕಾದರೆ ಎಣಿಸಿ. ಕುಳಿಗಳು ಮೂವತ್ತೊಂಬತ್ತು. ಇಪ್ಪತ್ತೆರಡನೆಯದಕ್ಕೂ ಇಪ್ಪತ್ಮೂರನೆಯದಕ್ಕೂ ನಡುವೆ ಒಂದು ಕುಳಿಯಷ್ಟು ಜಾಗ ಬಂಡೆ ಹೇಗಿತ್ತೋ ಹಾಗೇ ಇದೆ. ಅಲ್ಲಿ ಉಳಿ ತಾಗಿಲ್ಲ. ವರ್ಷಕ್ಕೊಂದು ದಿನ ಊರಿನವರೆಲ್ಲ ಹತ್ತಿ ಹೋಗಿ ಒಟ್ಟಿಗೆ ಹಾಲು ಎರೆಯುತ್ತಾರೆ. ಯಾರೂ ಹಾಡುವುದಿಲ್ಲ, ಹಲಗೆ ಬಾರಿಸುವುದಿಲ್ಲ. ಮರಳುಗಲ್ಲು ಬಿಸಿಲಿಗೆ ಕಾದಿರುತ್ತದೆ. ನಡುಹಗಲಿಗೆ ಹಾಲು ಹಿಂಗಿ, ಕುಳಿಯ ಅಂಚಿನಲ್ಲಿ ಒಂದು ಬಿಳಿಯ ಗೆರೆ ಉಳಿಯುತ್ತದೆ. ಇಷ್ಟು ವರ್ಷ ಎಷ್ಟು ಕೊಡ ಹಾಲು ಅಲ್ಲಿ ಹಿಂಗಿರಬಹುದು ಎಂದು ಹೇಳುವವರಿಲ್ಲ. ಅದೆಲ್ಲ ಬಂಡೆಗೆ ಹೋಯಿತು. ಹೆಸರೂ ಬಂಡೆಗೇ ಹೋಯಿತು. ಹುಲಿಗೆಪ್ಪನಿಗೆ ಕೊನೆಗೆ ಸಿಕ್ಕಿದ್ದು ಒಂದು ಚಿಕ್ಕ ಬಟ್ಟಲು ಆಡಿನ ಹಾಲು. ಅದರಲ್ಲಿ ಅವನು ಅರ್ಧ ಕುಡಿದ.